ಕರ್ತನ ಮೇಜಿಗೆ ಬರಲು ನನಗೆ ಯೋಗ್ಯತೆ ಇದೆಯೇ?

ಪ್ರಶ್ನೆ: ನನಗೆ 42 ವರ್ಷ. ಹುಟ್ಟಿನಿಂದ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಯವಳು. ಮೂರು ವರ್ಷಗಳಿಂದ ಕರ್ತನ ಭೋಜನದಲ್ಲಿ, ಯೇಸುವಿನ ನೆನಪಿಗೆ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಸಂಸ್ಕಾರದಲ್ಲಿ, ಪಾಲು ತೆಗೆದುಕೊಂಡಿಲ್ಲ. ತಂದೆ ತೀರಿಕೊಂಡ ಮೇಲೆ ಜಮೀನಿನ ಪಾಲಿನ ವಿಷಯವಾಗಿ ಅಣ್ಣನ ಜೊತೆ ಜಗಳವಾಯಿತು. ನಲವತ್ತನೆಯ ದಿನದ ಪ್ರಾರ್ಥನೆಗೆ ಬಂದಿದ್ದ ನೆಂಟರೆಲ್ಲರ ಎದುರು, ‘ನಿನ್ನ ಮಕ್ಕಳು ಉದ್ಧಾರವಾಗುವುದಿಲ್ಲ’ ಎಂದುಬಿಟ್ಟೆ. ಅಂದಿನಿಂದ ಮಾತಿಲ್ಲ. ತಿಂಗಳ ಮೊದಲ ಭಾನುವಾರ ಅಯ್ಯನವರು ‘ಅಯೋಗ್ಯವಾಗಿ’ ತಿನ್ನುವವರ ಮೇಲೆ ಬರುವ ತೀರ್ಪಿನ ವಾಕ್ಯ ಓದಿದರೆ ಕೈ ನಡುಗುತ್ತದೆ. ಈಗೀಗ ಪ್ರಸಂಗ ಮುಗಿದ ಕೂಡಲೇ ಎದ್ದು ಹೊರಗೆ ಬಂದುಬಿಡುತ್ತೇನೆ. ‘ಮೊದಲು ಶುದ್ಧಳಾಗು, ಆಮೇಲೆ ಹೋಗು’ ಎಂದು ಅತ್ತೆಯವರು ಹೇಳುತ್ತಾರೆ. ದೇವರು ಕೃಪೆಯಿಂದಲೇ ನಮ್ಮನ್ನು ತನ್ನ ಸನ್ನಿಧಿಗೆ ಯೋಗ್ಯರನ್ನಾಗಿ ಮಾಡುತ್ತಾನೆ ಎಂದು ಕೇಳುತ್ತಲೇ ಬೆಳೆದೆ. ಹಾಗಾದರೆ ಆ ಯೋಗ್ಯತೆ ನನಗೆ ಬಂದಿದೆ ಎಂದು ಏಕೆ ಅನಿಸುವುದಿಲ್ಲ? ಇನ್ನೆಷ್ಟು ಕಾಲ ಕಾಯಬೇಕು?

ಉತ್ತರ:

ಪ್ರಿಯ ಸಹೋದರಿ,

ನಿಮ್ಮನ್ನು ಮೂರು ವರ್ಷ ಬಾಗಿಲ ಹೊರಗೆ ನಿಲ್ಲಿಸಿರುವುದು ಆ ಒಂದು ವಾಕ್ಯ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ಆ ವಾಕ್ಯಕ್ಕೆ ಕಾವಲುಗಾರನ ಕೆಲಸ ಕೊಟ್ಟವರು ಬಹುಮಟ್ಟಿಗೆ ನಾವು, ಸಭಾಪಾಲಕರು. ದೀಕ್ಷೆ ಪಡೆದ ಹೊಸದರಲ್ಲಿ ನಾನೂ ಅದನ್ನು ದನಿ ಏರಿಸಿ ಓದುತ್ತಿದ್ದೆ. ಒಂದು ಭಾನುವಾರ ಎರಡನೆಯ ಸಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು ಎದ್ದು ಹೊರಗೆ ಹೋದರು. ಮುಂದಿನ ತಿಂಗಳೂ ಹೋದರು. ಏಕೆಂದು ನಾನು ಕೇಳಲಿಲ್ಲ. ಅವರ ಶವಸಂಸ್ಕಾರದ ಆರಾಧನೆ ನಡೆಸಿ ಮನೆಗೆ ಹೋಗಿದ್ದಾಗ ಅವರ ಮಗಳು ಹೇಳಿದಳು: ‘ತಾನು ಆ ರೊಟ್ಟಿ ಮುಟ್ಟುವಂಥವನಲ್ಲ ಎಂದು ಅಪ್ಪ ಕೊನೆಯವರೆಗೂ ಅನ್ನುತ್ತಿದ್ದರು.’ ನಿಮ್ಮ ಪತ್ರ ಓದಿದಾಗ ಮೊದಲು ನೆನಪಾದದ್ದು ಅವರೇ. ಅವರಿಗೆ ಹೇಳಬೇಕಾಗಿದ್ದುದನ್ನು ನಿಮಗೆ ಬರೆಯುತ್ತಿದ್ದೇನೆ.

ಅಪೊಸ್ತಲನಾದ ಪೌಲನು ಆ ಮಾತನ್ನು ಬರೆದದ್ದು ಗ್ರೀಸಿನ ಕೊರಿಂಥದ ಸಭೆಗೆ, ಕ್ರಿ.ಶ. 50ರ ದಶಕದಲ್ಲಿ. ಆಗ ಇಂದಿನಂಥ ದೇವಾಲಯಗಳಿರಲಿಲ್ಲ. ವಿಶ್ವಾಸಿಗಳು ಮನೆಗಳಲ್ಲಿ ಕೂಡುತ್ತಿದ್ದರು, ಹೊಟ್ಟೆಯ ಊಟವೂ ಕರ್ತನ ಭೋಜನವೂ ಅದೇ ಕೂಟದಲ್ಲಿ ನಡೆಯುತ್ತಿತ್ತು. ಕೊರಿಂಥದಲ್ಲಿ ಏನಾಯಿತು ಎಂದರೆ, ಉಳ್ಳವರು ತಮ್ಮ ತಮ್ಮ ಊಟವನ್ನು ಮುಂದಾಗಿ ಮಾಡಿಬಿಡುತ್ತಿದ್ದರು. ಒಬ್ಬನು ಹಸಿದಿರುತ್ತಿದ್ದನು, ಇನ್ನೊಬ್ಬನು ಕುಡಿದು ಮತ್ತನಾಗಿರುತ್ತಿದ್ದನು. ಪೌಲನಿಗೆ ಸಿಟ್ಟು ಬಂದದ್ದು ಇದಕ್ಕೆ. ತಿನ್ನಲು ಕುಡಿಯಲು ನಿಮಗೆ ಮನೆಗಳಿಲ್ಲವೇ, ಏನೂ ಇಲ್ಲದವರನ್ನು ನಾಚಿಕೆಪಡಿಸುತ್ತೀರಾ ಎಂದು ಕೇಳುತ್ತಾನೆ. ಅಯೋಗ್ಯವಾಗಿ ತಿನ್ನುವ ಮಾತು ಬರುವುದು ಇದರ ಬೆನ್ನಲ್ಲೇ. ಅಧ್ಯಾಯದ ಕೊನೆಗೆ ಅವನು ಕೊಡುವ ಪರಿಹಾರವೂ ಅಡುಗೆಮನೆಯ ಮಾತಿನಷ್ಟು ಸರಳ: ಊಟಕ್ಕೆ ಕೂಡಿದಾಗ ಒಬ್ಬರಿಗೊಬ್ಬರು ಕಾದುಕೊಳ್ಳಿರಿ.

ಅಲ್ಲಿರುವ ಗ್ರೀಕ್ ಪದ ‘ಅನಾಕ್ಸಿಯೋಸ್’. ಅದು ಕ್ರಿಯಾವಿಶೇಷಣ. ತಿನ್ನುವ ರೀತಿಯನ್ನು ಕುರಿತು ಹೇಳುತ್ತದೆ, ತಿನ್ನುವವರ ದರ್ಜೆಯನ್ನು ಕುರಿತು ಹೇಳುವುದಿಲ್ಲ. ನೀವೇ ಬರೆದಿರುವಂತೆ ಕನ್ನಡದಲ್ಲಿಯೂ ‘ಅಯೋಗ್ಯವಾಗಿ’ ಎಂದೇ ಓದುತ್ತಾರೆ. ಆದರೆ ಬೆಂಚಿನ ಮೇಲೆ ತಲೆ ತಗ್ಗಿಸಿ ಕುಳಿತವರ ಕಿವಿಗೆ ಅದು ‘ಅಯೋಗ್ಯಳೇ’ ಎಂದು ಕೇಳಿಸುತ್ತದೆ. ಪದದ ಬಾಲ ಬದಲಾಯಿತು, ಅಷ್ಟಕ್ಕೇ ಅರ್ಥವೆಲ್ಲ ತಲೆಕೆಳಗಾಯಿತು. ಅದರ ಮುಂದಿನ ವಾಕ್ಯವನ್ನು ಇವತ್ತೇ ಬೈಬಲ್ ತೆರೆದು ಓದಿ, ಒಂದನೆಯ ಕೊರಿಂಥ 11ನೆಯ ಅಧ್ಯಾಯ, 28ನೆಯ ವಚನ. ಪ್ರತಿಯೊಬ್ಬನು ತನ್ನನ್ನು ಪರೀಕ್ಷಿಸಿಕೊಂಡು ತಿನ್ನಲಿ, ಕುಡಿಯಲಿ ಎಂದಿದೆ. ಪರೀಕ್ಷಿಸಿಕೊಂಡು ಎದ್ದು ಹೋಗಲಿ ಎಂದು ಇಲ್ಲ. ಪೌಲನ ಪ್ರಕಾರ ಆತ್ಮಪರೀಕ್ಷೆ ಕೊನೆಗೊಳ್ಳುವುದು ಮೇಜಿನ ಬಳಿ.

ಇಷ್ಟು ಹೇಳಿ, ನಿಮಗೂ ಆ ವಾಕ್ಯಕ್ಕೂ ಸಂಬಂಧವೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಇನ್ನೊಬ್ಬ ವಿಶ್ವಾಸಿಯನ್ನು ನೆಂಟರ ಎದುರು ನಾಚಿಕೆಪಡಿಸಿದ ವಿಷಯ ಪೌಲನ ಮನಸ್ಸಿನಲ್ಲಿದ್ದ ವಿಷಯಕ್ಕೆ ಹತ್ತಿರದ್ದೇ. ಅಣ್ಣನ ಮಾತಿಗೆ ಆಮೇಲೆ ಬರುತ್ತೇನೆ. ಅದಕ್ಕೆ ಮೊದಲು ನಿಮ್ಮ ಅತ್ತೆಯವರ ಮಾತು ತೆಗೆದುಕೊಳ್ಳಬೇಕು. ಅವರು ನಿಮ್ಮ ಒಳ್ಳೆಯದಕ್ಕೇ ಹೇಳಿದ್ದಾರೆ, ನಮ್ಮ ಬಹುತೇಕ ಮನೆಗಳ ನಂಬಿಕೆಯೂ ಅದೇ.

ಕನ್ನಡದಲ್ಲಿ ಯೋಗ್ಯತೆ ಎಂಬ ಪದ ನಮಗೆ ಎಲ್ಲೆಲ್ಲಿ ಸಿಗುತ್ತದೆ ನೋಡಿ. ಮದುವೆಯ ಮಾತುಕತೆಯಲ್ಲಿ ಸಿಗುತ್ತದೆ, ಯೋಗ್ಯ ವರ ಎಂದು. ಜಗಳದಲ್ಲಿ ಸಿಗುತ್ತದೆ, ‘ನಿನ್ನ ಯೋಗ್ಯತೆ ಎಷ್ಟೆಂದು ಗೊತ್ತು’ ಎಂದು. ಎಲ್ಲಿಯಾದರೂ ಅದು ಮನುಷ್ಯ ತನ್ನ ಜೊತೆಗೆ ತರಬೇಕಾದ ಸರಕು; ಎದುರಿಗಿದ್ದವರು ಅದನ್ನು ತೂಗಿ ನೋಡುತ್ತಾರೆ. ಕೃಪೆ ಎಂಬ ಪದದ ಗತಿಯೂ ಸುಮಾರು ಹೀಗೇ ಆಗಿದೆ. ಶಾಲೆಯಿಂದ ನಮಗೆ ಬಂದಿರುವುದು ಕೃಪಾಂಕ. ಹುಡುಗನಿಗೆ ಬೇಕಾದದ್ದು 35, ಬಂದದ್ದು 32; ಪಾಪ, ಓದಿದ್ದಾನೆ, ಇನ್ನೇನು ದಡ ಮುಟ್ಟಿದ್ದಾನೆ ಎಂದು ಮೂರು ಅಂಕ ಸೇರಿಸಿ ದಾಟಿಸುತ್ತಾರೆ. 8 ಅಂಕ ಬಂದವನ ಕಡೆಗೆ ಯಾರೂ ನೋಡುವುದಿಲ್ಲ.

ನಮ್ಮ ಸಭೆಗಳಲ್ಲಿ ಕೃಪೆಯನ್ನು ಕೃಪಾಂಕವೆಂದೇ ತಿಳಿದವರು ಬಹಳ ಮಂದಿ ಇದ್ದಾರೆ ಎಂದು ನನಗೆ ಅನಿಸುತ್ತದೆ. ನಮ್ಮ ಕೈಲಾದಷ್ಟು ಮಾಡಬೇಕು, ಕಡಿಮೆ ಬಿದ್ದದ್ದನ್ನು ದೇವರು ತುಂಬುತ್ತಾನೆ ಎಂಬ ನಂಬಿಕೆ ಅದು. ಕೇಳಲು ವಿನಯದ ಮಾತಿನಂತಿದೆ. ಆದರೆ 8 ಅಂಕದವರಿಗೆ ಅದರಲ್ಲಿ ಒಂದು ತೊಟ್ಟು ಸಮಾಧಾನವೂ ಇಲ್ಲ. ನೀವು ಮೂರು ವರ್ಷಗಳಿಂದ ಮಾಡುತ್ತಿರುವುದೂ ಇದನ್ನೇ: ಕೃಪೆ ಬಂದು ಮುಟ್ಟುವಷ್ಟು ಎತ್ತರಕ್ಕೆ ಮೊದಲು ನಾನು ಏರಬೇಕು ಎಂದು ಕಾಯುತ್ತಿದ್ದೀರಿ.

ಬೈಬಲು ಈ ವಿಷಯವನ್ನು ತೋರಿಸುವ ಒಂದು ದೃಶ್ಯ ಜೆಕರ್ಯನ ಪುಸ್ತಕದ ಮೂರನೆಯ ಅಧ್ಯಾಯದಲ್ಲಿದೆ. ಪ್ರಸಂಗಗಳಲ್ಲಿ ಅದು ಅಪರೂಪ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಬಾಬೆಲಿನ ಸೆರೆಯಿಂದ ಜನ ಹಿಂದಿರುಗಿದ್ದಾರೆ. ಮಹಾಯಾಜಕನಾದ ಯೆಹೋಶುವನು ಕರ್ತನ ದೂತನ ಮುಂದೆ ನಿಂತಿದ್ದಾನೆ. ಅವನ ಬಲಗಡೆಯಲ್ಲಿ ತಪ್ಪು ಹೊರಿಸಲು ಸೈತಾನನು ನಿಂತಿದ್ದಾನೆ. ಯೆಹೋಶುವನ ಬಟ್ಟೆ ಕೊಳೆಯಾಗಿದೆ. ‘ಕೊಳೆ’ ಎಂಬ ನಮ್ಮ ಪದ ಇಲ್ಲಿ ಮೃದುವಾಯಿತು. ಹೀಬ್ರೂ ಮೂಲದ ಪದಕ್ಕೆ ಮಲದ ನಂಟಿದೆ. ದೇವಸನ್ನಿಧಿಗೆ ಹೋಗುವ ಯಾಜಕ ಹೇಗಿರಬೇಕೆಂದು ಧರ್ಮಶಾಸ್ತ್ರ ಎಳೆಎಳೆಯಾಗಿ ಹೇಳಿದೆ, ಸ್ನಾನ ಮಾಡಬೇಕು, ನಾರಿನ ಬಟ್ಟೆ ತೊಡಬೇಕು ಎಂದು. ಅಂಥ ಸ್ಥಾನದವನು ಹೀಗೆ ನಿಂತಿದ್ದಾನೆ. ಸೈತಾನನು ಸುಳ್ಳು ಹೇಳಬೇಕಾಗಿಯೇ ಇಲ್ಲ. ಬೆರಳು ತೋರಿಸಿದರೆ ಸಾಕು.

ಆ ಅಧ್ಯಾಯದಲ್ಲಿ ಯೆಹೋಶುವನ ಬಾಯಿಂದ ಒಂದು ಮಾತೂ ಬರುವುದಿಲ್ಲ. ಸಮಜಾಯಿಷಿ ಕೊಡುವುದಿಲ್ಲ. ಇನ್ನು ಮೇಲೆ ಸರಿಯಾಗಿರುತ್ತೇನೆ ಎಂದು ಮಾತು ಕೊಡುವುದಿಲ್ಲ. ಬಟ್ಟೆ ಬದಲಾಯಿಸಿಕೊಂಡು ಬರುತ್ತೇನೆ, ಸ್ವಲ್ಪ ಸಮಯ ಕೊಡಿ ಎಂದೂ ಕೇಳುವುದಿಲ್ಲ. ಕರ್ತನೇ ಸೈತಾನನನ್ನು ಗದರಿಸುತ್ತಾನೆ: ಇವನು ಉರಿಯಿಂದ ಎಳೆದುಕೊಂಡ ಕೊಳ್ಳಿಯಲ್ಲವೇ? ಆಮೇಲೆ, ಆ ಬಟ್ಟೆಗಳನ್ನು ತೆಗೆದುಹಾಕಿರಿ ಎಂಬ ಅಪ್ಪಣೆ. ನಿನ್ನ ದೋಷವನ್ನು ನಿನ್ನಿಂದ ತೊಲಗಿಸಿದ್ದೇನೆ ಎಂಬ ಮಾತು. ಹೊಸ ಉಡುಪು, ತಲೆಗೆ ಶುಭ್ರವಾದ ಪಾಗು. ಇಷ್ಟೆಲ್ಲ ಆದ ಮೇಲೆ ಬರುತ್ತದೆ, ನನ್ನ ಮಾರ್ಗದಲ್ಲಿ ನಡೆ ಎಂಬ ಆಜ್ಞೆ. ಅದರ ಜೊತೆಗೇ ಇಲ್ಲಿ ನಿಂತಿರುವವರ ನಡುವೆ ಬಂದುಹೋಗುವ ಹಕ್ಕಿನ ವಾಗ್ದಾನವೂ ಇದೆ. ಉಡಿಸುವುದು ಮೊದಲು, ನಡೆಯಬೇಕೆನ್ನುವುದು ಆಮೇಲೆ. ‘ಮೊದಲು ಶುದ್ಧಳಾಗು’ ಎಂಬ ಮಾತಿನಲ್ಲಿ ಶುದ್ಧತೆ ಬೇಕೆನ್ನುವುದು ತಪ್ಪಲ್ಲ. ‘ಮೊದಲು’ ಎನ್ನುವುದು ತಪ್ಪಾದ ಜಾಗದಲ್ಲಿದೆ.

ಲೂಕನು ಬರೆದ ತಪ್ಪಿಹೋದ ಮಗನ ಕಥೆ ನಿಮಗೆ ಕಂಠಪಾಠವಾಗಿರಬೇಕು. ಅದರಲ್ಲಿ ಒಂದು ಸಣ್ಣ ಸಂಗತಿಯನ್ನು ಮಾತ್ರ ತೋರಿಸುತ್ತೇನೆ. ತಂದೆಯಿಂದ ಪಡೆದ ಪಾಲನ್ನೆಲ್ಲ ದೂರದೇಶದಲ್ಲಿ ಹಾಳುಮಾಡಿ, ಹಂದಿಗಳ ನಡುವೆ ಕುಳಿತು ಮಗನು ಮೂರು ಮಾತುಗಳನ್ನು ಕಟ್ಟಿಕೊಳ್ಳುತ್ತಾನೆ: ಅಪ್ಪಾ, ಪಾಪ ಮಾಡಿದ್ದೇನೆ; ನಿನ್ನ ಮಗನೆನ್ನಿಸಿಕೊಳ್ಳಲು ಯೋಗ್ಯನಲ್ಲ; ನಿನ್ನ ಕೂಲಿಯಾಳುಗಳಲ್ಲಿ ಒಬ್ಬನಂತೆ ನನ್ನನ್ನು ಮಾಡು. ಮನೆಯ ಹತ್ತಿರ ಬಂದು ತಂದೆಯ ತೋಳಿನಲ್ಲಿ ಸಿಕ್ಕಿಕೊಂಡಾಗ ಅವನು ಹೇಳಲು ಸಾಧ್ಯವಾದದ್ದು ಎರಡು ಮಾತು ಮಾತ್ರ. ಯೋಗ್ಯನಲ್ಲ ಎನ್ನುವಷ್ಟಕ್ಕೆ ತಂದೆ ಆಳುಗಳ ಕಡೆಗೆ ತಿರುಗಿ ಶ್ರೇಷ್ಠವಾದ ನಿಲುವಂಗಿ ತರಹೇಳುತ್ತಾನೆ, ಕೈಗೆ ಉಂಗುರ, ಕಾಲಿಗೆ ಜೋಡು. ‘ಛೇ, ಹಾಗೆನ್ನಬೇಡ, ನೀನು ಯೋಗ್ಯನೇ’ ಎಂದು ತಂದೆ ಹೇಳಿದ ಎಂದು ಲೂಕನು ಬರೆದಿಲ್ಲ. ಮಗ ಹೇಳಿದ್ದು ನಿಜವೇ ಆಗಿತ್ತು. ಆ ನಿಜವನ್ನು ಅಲ್ಲಗಳೆಯದೆ ಅದರ ಮೇಲೆಯೇ ನಿಲುವಂಗಿ ಹೊದಿಸಿದ. ಕೂಲಿಯಾಳಾಗುವ ಮೂರನೆಯ ಮಾತಿಗೆ, ದುಡಿದು ತೀರಿಸುತ್ತೇನೆ ಎನ್ನುವ ಮಾತಿಗೆ, ಆ ಅಂಗಳದಲ್ಲಿ ಜಾಗವೇ ಸಿಗಲಿಲ್ಲ.

ಕಪೆರ್ನೌಮ್ ಊರಿನ ಶತಾಧಿಪತಿಯ, ಅಂದರೆ ನೂರು ಸಿಪಾಯಿಗಳ ಅಧಿಕಾರಿಯ, ಪ್ರಸಂಗ ಇನ್ನೂ ನೇರವಾಗಿದೆ. ಅವನ ಆಳು ಸಾಯುವ ಸ್ಥಿತಿಯಲ್ಲಿದ್ದಾನೆ. ಯೆಹೂದ್ಯರ ಹಿರಿಯರು ಯೇಸುವಿನ ಬಳಿ ಬಂದು ಶಿಫಾರಸು ಮಾಡುತ್ತಾರೆ: ಇವನು ಯೋಗ್ಯನು, ನಮ್ಮ ಜನರನ್ನು ಪ್ರೀತಿಸುತ್ತಾನೆ, ಸಭಾಮಂದಿರ ಕಟ್ಟಿಸಿಕೊಟ್ಟಿದ್ದಾನೆ. ಅಂದರೆ ಅವನ ಅಂಕಪಟ್ಟಿ ಚೆನ್ನಾಗಿಯೇ ಇದೆ. ಆದರೆ ಅವನೇ ಹೇಳಿಕಳುಹಿಸುವುದು, ನೀನು ನನ್ನ ಮನೆಗೆ ಬರುವಷ್ಟು ಯೋಗ್ಯತೆ ನನಗಿಲ್ಲ, ಒಂದು ಮಾತು ಹೇಳು ಸಾಕು ಎಂದು. ಇಲ್ಲಿ ಅವನು ಬಳಸುವ ಗ್ರೀಕ್ ಪದ ‘ಹಿಕಾನೊಸ್’. ಇದೇ ಪದದಿಂದ ಹುಟ್ಟಿದ ಕ್ರಿಯಾಪದವನ್ನು ಪೌಲನು ಕೊಲೊಸ್ಸೆಯವರಿಗೆ ಬರೆದ ಪತ್ರದ ಮೊದಲನೆಯ ಅಧ್ಯಾಯದಲ್ಲಿ, 12ನೆಯ ವಚನದಲ್ಲಿ, ಬಳಸುತ್ತಾನೆ. ಬೆಳಕಿನಲ್ಲಿರುವ ದೇವಜನರ ಬಾಧ್ಯತೆಯಲ್ಲಿ ಪಾಲುಗಾರರಾಗಲು ನಿಮ್ಮನ್ನು ಯೋಗ್ಯರನ್ನಾಗಿ ಮಾಡಿದ ತಂದೆಗೆ ಸ್ತೋತ್ರ ಎಂದು. ಶತಾಧಿಪತಿ ತನ್ನಲ್ಲಿ ಇಲ್ಲವೆಂದ ಅದೇ ಗುಣವನ್ನು ತಂದೆಯೇ ಉಂಟುಮಾಡಿದ್ದಾನೆ. ಕ್ರಿಯಾಪದ ಭೂತಕಾಲದಲ್ಲಿದೆ: ಮಾಡಿದ್ದಾನೆ, ಆಗಿದೆ. ‘ಎಷ್ಟು ಕಾಲ ಕಾಯಬೇಕು’ ಎಂಬ ನಿಮ್ಮ ಪ್ರಶ್ನೆಗೆ ನನ್ನಲ್ಲಿರುವ ನೇರವಾದ ಉತ್ತರ ಈ ಒಂದು ಕ್ರಿಯಾಪದ. ಕಥೋಲಿಕ ಬಲಿಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸುವ ಮುನ್ನ ಎಲ್ಲರೂ ಹೇಳುವುದು ಈ ಶತಾಧಿಪತಿಯ ಮಾತನ್ನೇ. ಅಯೋಗ್ಯನೆಂದು ಹೇಳಿಕೊಂಡೇ ಮುಂದೆ ನಡೆಯುತ್ತಾರೆ.

ಸನ್ನಿಧಿ ಎಂಬ ಪದವನ್ನೂ ನೀವು ಬಳಸಿದ್ದೀರಿ. ಹಳೆಯ ಒಡಂಬಡಿಕೆಯಲ್ಲಿ ಆ ಪದಕ್ಕೆ ಅಡ್ಡಲಾಗಿ ಒಂದು ತೆರೆ ಇಳಿಬಿಟ್ಟಿತ್ತು. ಅದರ ಆಚೆಗಿನ ಮಹಾಪವಿತ್ರಸ್ಥಾನಕ್ಕೆ ಹೋಗುತ್ತಿದ್ದವನು ಮಹಾಯಾಜಕನೊಬ್ಬನೇ, ಅದೂ ವರ್ಷಕ್ಕೆ ಒಂದೇ ದಿನ, ದೋಷಪರಿಹಾರಕ ದಿನದಂದು. ಅವನೂ ಮೊದಲು ತನ್ನ ಪಾಪಕ್ಕಾಗಿ ಹೋರಿಯನ್ನು ಅರ್ಪಿಸಬೇಕು. ಸಾಯದಂತೆ ಧೂಪದ ಹೊಗೆ ಕೃಪಾಸನವನ್ನು, ಅಂದರೆ ಒಡಂಬಡಿಕೆಯ ಪೆಟ್ಟಿಗೆಯ ಮುಚ್ಚಳವನ್ನು, ಮುಚ್ಚಬೇಕು. (ಅವನ ಕಾಲಿಗೆ ಹಗ್ಗ ಕಟ್ಟಿ ಕಳುಹಿಸುತ್ತಿದ್ದರು ಎಂದು ಕೆಲವರು ಪ್ರಸಂಗದಲ್ಲಿ ಹೇಳುತ್ತಾರೆ. ಬೈಬಲಿನಲ್ಲಿ ಅದು ಇಲ್ಲ. ಹೆದರಿಸಲು ಅಷ್ಟು ಸೇರಿಸಬೇಕಾಗಿಯೂ ಇಲ್ಲ.) ಯೇಸು ಶಿಲುಬೆಯ ಮೇಲೆ ಪ್ರಾಣ ಬಿಟ್ಟ ಗಳಿಗೆಯಲ್ಲಿ ದೇವಾಲಯದ ತೆರೆ ಮೇಲಿನಿಂದ ಕೆಳಗಿನವರೆಗೆ ಹರಿಯಿತು ಎಂದು ಮತ್ತಾಯನೂ ಮಾರ್ಕನೂ ಬರೆಯುತ್ತಾರೆ. ಹರಿದದ್ದು ಮೇಲಿನಿಂದ, ಮನುಷ್ಯನ ಕೈ ಎಟುಕದ ಕಡೆಯಿಂದ. ಇಬ್ರಿಯರಿಗೆ ಬರೆದ ಪತ್ರ ಇದರ ಮೇಲೆ ನಿಂತು, ಧೈರ್ಯದಿಂದ ಹತ್ತಿರ ಬನ್ನಿ ಎಂದು ಕರೆಯುತ್ತದೆ. ಅಲ್ಲಿ ತೊಳೆಯಲ್ಪಟ್ಟದ್ದು ಎಂದು ಹೇಳಿರುವುದು ನಿಮ್ಮನ್ನು ಕಾಡುತ್ತಿರುವ ಅದೇ ವಸ್ತುವನ್ನು: ಕೆಟ್ಟ ಮನಸ್ಸಾಕ್ಷಿಯನ್ನು.

ನಿಮ್ಮಂತೆಯೇ ನಡುಗಿದವರು ಸಭೆಯ ಇತಿಹಾಸದಲ್ಲಿ ಬಹಳ ಮಂದಿ ಇದ್ದಾರೆ. ಮುಂದೆ ಪ್ರೊಟೆಸ್ಟೆಂಟ್ ಸುಧಾರಣೆಗೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ 1507ರಲ್ಲಿ ಜರ್ಮನಿಯ ಎರ್ಫರ್ಟ್‌ನ ಮಠದಲ್ಲಿ ತನ್ನ ಮೊದಲ ಬಲಿಪೂಜೆ ಅರ್ಪಿಸುವಾಗ ದೇವರ ಮಹಿಮೆಗೆ ಹೆದರಿ ಕಂಗಾಲಾದದ್ದನ್ನು ಮುಂದೆ ತಾನೇ ಹೇಳಿಕೊಂಡ. ‘ದೇವರ ನೀತಿ’ ಎಂಬ ಮಾತೇ ಅವನಿಗೆ ಬೇಡವಾಗಿತ್ತು, ಏಕೆಂದರೆ ಅದು ಪಾಪಿಗಳನ್ನು ಶಿಕ್ಷಿಸುವ ನೀತಿ ಎಂದೇ ಅವನು ತಿಳಿದಿದ್ದ. ರೋಮಾಪುರದವರಿಗೆ ಬರೆದ ಪತ್ರವನ್ನು ಹಗಲಿರುಳು ಅರೆದು ನೋಡಿದಾಗ, ಅದು ದೇವರು ನಂಬುವವನಿಗೆ ಕೊಡುವ ನೀತಿ, ಹೊದಿಸುವ ನೀತಿ ಎಂದು ತಿಳಿಯಿತು. ಅದೇ ಮನುಷ್ಯ 1529ರಲ್ಲಿ ಸಾಮಾನ್ಯ ಮನೆಗಳಿಗಾಗಿ ಬರೆದ ಚಿಕ್ಕ ಪ್ರಶ್ನೋತ್ತರಿಯಲ್ಲಿ ನಿಮ್ಮ ಪ್ರಶ್ನೆಯನ್ನೇ ಎತ್ತಿಕೊಳ್ಳುತ್ತಾನೆ: ಈ ಸಂಸ್ಕಾರವನ್ನು ಯೋಗ್ಯವಾಗಿ ಪಡೆಯುವವರು ಯಾರು? ಉಪವಾಸ, ದೇಹದ ಸಿದ್ಧತೆ ಒಳ್ಳೆಯ ಹೊರಗಿನ ಶಿಸ್ತು ಎನ್ನುತ್ತಾನೆ. ಆದರೆ ನಿಜವಾಗಿ ಯೋಗ್ಯರು, ಸಿದ್ಧರು ಯಾರೆಂದರೆ, ಪಾಪಕ್ಷಮೆಗಾಗಿ ‘ನಿಮಗೋಸ್ಕರ’ ಕೊಡಲ್ಪಟ್ಟದ್ದು ಎಂಬ ಮಾತನ್ನು ನಂಬುವವರು. ‘ನಿಮಗೋಸ್ಕರ’ ಎಂಬ ಪದ ಕೇಳುವುದು ನಂಬುವ ಹೃದಯವನ್ನು ಮಾತ್ರ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಎಂಬ ಪ್ರೊಟೆಸ್ಟೆಂಟ್ ಮಿಷನರಿ ಸಂಸ್ಥೆಯವರ ಹಿನ್ನೆಲೆಯಲ್ಲಿ ಲೂಥರನ ಪರಂಪರೆಯೂ ಇತ್ತು, ಸ್ವಿಟ್ಜರ್ಲೆಂಡಿನ ಸುಧಾರಿತ ಪರಂಪರೆಯೂ ಇತ್ತು. ಆ ಎರಡನೆಯ ಪರಂಪರೆಯ ಹೈಡೆಲ್ಬರ್ಗ್ ಪ್ರಶ್ನೋತ್ತರಿ 1563ರದು. ಕರ್ತನ ಮೇಜಿಗೆ ಯಾರು ಬರಬೇಕು ಎಂಬುದಕ್ಕೆ ಅದು ಕೊಡುವ ಉತ್ತರ ಹೀಗಿದೆ: ತಮ್ಮ ಪಾಪಗಳ ದೆಸೆಯಿಂದ ತಮಗೆ ತಾವೇ ಬೇಸರಗೊಂಡವರು, ಆದರೂ ಕ್ರಿಸ್ತನ ನಿಮಿತ್ತ ಅವು ಕ್ಷಮಿಸಲ್ಪಟ್ಟಿವೆ ಎಂದು ಭರವಸೆ ಇಡುವವರು, ನಂಬಿಕೆ ಬಲವಾಗಬೇಕು ಬಾಳು ಸರಿಯಾಗಬೇಕು ಎಂದು ಹಂಬಲಿಸುವವರು. ನಿಮ್ಮ ಪತ್ರವನ್ನು ಪಕ್ಕದಲ್ಲಿಟ್ಟುಕೊಂಡು ಇದನ್ನು ಓದಿದೆ. ಮೊದಲನೆಯದೂ ಮೂರನೆಯದೂ ನಿಮ್ಮ ಪತ್ರದ ಸಾಲುಸಾಲಿನಲ್ಲಿ ಇವೆ. ಕೃಪೆ ನಮ್ಮನ್ನು ಹೇಗೆ ಯೋಗ್ಯರನ್ನಾಗಿ ಮಾಡುತ್ತದೆ, ನೀತಿವಂತರೆಂದು ಎಣಿಸುವುದರಿಂದಲೋ ಒಳಗನ್ನು ಬದಲಾಯಿಸುವುದರಿಂದಲೋ ಎಂಬ ವಿಷಯದಲ್ಲಿ ಪ್ರೊಟೆಸ್ಟೆಂಟರೂ ಕಥೋಲಿಕರೂ ಶತಮಾನಗಳ ಕಾಲ ವಾದ ಮಾಡಿದ್ದಾರೆ. ಅದರ ವಿವರಕ್ಕೆ ಇಲ್ಲಿ ಹೋಗುವುದಿಲ್ಲ. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಲೂಥರನ್ ಮತ್ತು ಕಥೋಲಿಕ ಸಭೆಗಳು ಸಹಿ ಹಾಕಿದ ಜಂಟಿ ಘೋಷಣೆಯಲ್ಲಿ ಒಂದು ಮಾತನ್ನು ಇಬ್ಬರೂ ಒಪ್ಪಿದರು. ದೇವರು ನಮ್ಮನ್ನು ಅಂಗೀಕರಿಸುವುದು ನಮ್ಮ ಪುಣ್ಯಕ್ಕಾಗಿ ಅಲ್ಲ, ಕೃಪೆಯಿಂದ ಮಾತ್ರ.

ಈಗ ‘ಏಕೆ ಅನಿಸುವುದಿಲ್ಲ’ ಎಂಬ ಮಾತು. ಪ್ರವಾದಿ ಯೆಶಾಯನು ‘ಅಯ್ಯೋ, ನನ್ನ ತುಟಿಗಳು ಅಶುದ್ಧ’ ಎಂದು ಕೂಗಿದ್ದು ಎಲ್ಲಿ? ದೇವರಿಂದ ದೂರದಲ್ಲಿ ಅಲ್ಲ, ಸಿಂಹಾಸನದ ಎದುರಿನಲ್ಲಿ. ಯೇಸುವಿನ ಶಿಷ್ಯ ಪೇತ್ರನು ‘ಸ್ವಾಮೀ, ನನ್ನನ್ನು ಬಿಟ್ಟುಹೋಗು, ನಾನು ಪಾಪಿ’ ಎಂದದ್ದು ದೋಣಿ ಮುಳುಗುವಷ್ಟು ಮೀನು ಸಿಕ್ಕಾಗ, ಯೇಸುವಿನ ಮೊಣಕಾಲಿಗೆ ಬಿದ್ದು. ಯೇಸು ಅವನನ್ನು ಬಿಟ್ಟುಹೋಗಲಿಲ್ಲ. ಅಯೋಗ್ಯನೆಂಬ ಭಾವ ಇವರಿಬ್ಬರಿಗೂ ಹುಟ್ಟಿದ್ದು ಸನ್ನಿಧಿಯ ಬೆಳಕಿನಲ್ಲಿ. ಕತ್ತಲಕೋಣೆಯಲ್ಲಿ ಬಟ್ಟೆಯ ಕಲೆ ಕಾಣುವುದಿಲ್ಲ, ಅಂಗಳಕ್ಕೆ ಬಂದರೆ ಕಾಣುತ್ತದೆ. ನಿಮಗೆ ಆ ಭಾವ ಇರುವುದು ಕೃಪೆ ಬಂದಿಲ್ಲ ಎಂಬುದಕ್ಕೆ ಸಾಕ್ಷಿ ಎಂದು ನೀವು ಎಣಿಸಿದ್ದೀರಿ. ನನಗೆ ಅದು ಬೇರೆಯಾಗಿಯೇ ಕಾಣುತ್ತದೆ. ಇನ್ನೂ ಒಂದು ಮಾತು ಯೋಹಾನನ ಮೊದಲ ಪತ್ರದಲ್ಲಿದೆ: ನಮ್ಮ ಹೃದಯವು ನಮ್ಮನ್ನು ಖಂಡಿಸಿದರೂ ದೇವರು ನಮ್ಮ ಹೃದಯಕ್ಕಿಂತ ದೊಡ್ಡವನು. ತೀರ್ಪು ಕೊಡುವ ಅಧಿಕಾರ ನಿಮ್ಮ ಹೃದಯಕ್ಕೆ ಇಲ್ಲ. ಅದು ಸಾಕ್ಷಿ ಹೇಳಬಹುದು, ಅಷ್ಟೇ.

ಹುಣಸೂರು ಕಡೆಯ ಒಂದು ಸಣ್ಣ ಸಭೆಯಲ್ಲಿ ನಾನು ಕೆಲವು ವರ್ಷ ಇದ್ದೆ. ಹೊಗೆಸೊಪ್ಪಿನ ಸೀಮೆ ಅದು. ಸೊಪ್ಪು ಮುರಿಯುವ ಕಾಲದಲ್ಲಿ ಎಲೆಯ ಅಂಟು ಕೈಗೆ ಹತ್ತಿ ಕಪ್ಪಾಗಿ ಕೂರುತ್ತದೆ, ಸೋಪಿಗೂ ಬಗ್ಗುವುದಿಲ್ಲ. ಒಂದು ಭಾನುವಾರ ಕರ್ತನ ಭೋಜನಕ್ಕೆ ಮೊಣಕಾಲೂರಿದ್ದವರ ಸಾಲಿನಲ್ಲಿ ಒಬ್ಬ ತಾಯಿ ಸೆರಗಿನೊಳಗಿಂದ ಕೈ ಹೊರಗೆ ತೆಗೆಯಲಿಲ್ಲ. ನಾನು ರೊಟ್ಟಿಯ ತಟ್ಟೆ ಹಿಡಿದು ಕಾದೆ. ‘ಹುಣಸೆಹಣ್ಣು ಹಾಕಿ ತಿಕ್ಕಿದೆ ಅಯ್ಯನವರೇ, ಹೋಗಲಿಲ್ಲ’ ಎಂದು ಪಿಸುಗುಟ್ಟಿದರು. ಕೈ ಕೊಡಿ ಅಮ್ಮ ಎಂದೆ. ಬೆರಳ ಸಂದುಗಳಲ್ಲಿ, ಅಂಗೈ ಗೆರೆಗಳಲ್ಲಿ ಕಪ್ಪು ಬರೆದಂತೆ ಇತ್ತು. ಬಿಳಿಯ ರೊಟ್ಟಿಯ ಚೂರು ಆ ಅಂಗೈ ಮೇಲೆ ಕುಳಿತದ್ದು ಇಂದಿಗೂ ನನ್ನ ಕಣ್ಣಮುಂದಿದೆ. ಯೋಗ್ಯತೆಯ ಬಗ್ಗೆ ತರಗತಿಯಲ್ಲಿ ಪಾಠ ಮಾಡುವಾಗಲೆಲ್ಲ ನನಗೆ ಮೊದಲು ಕಾಣುವುದು ಆ ಅಂಗೈ.

ಇನ್ನು ನಿಮ್ಮ ಅಣ್ಣ. ಬಲಿಪೀಠದ ಮುಂದೆ ನಿಂತಾಗ ನಿನ್ನ ಮೇಲೆ ಸಹೋದರನ ಮನಸ್ಸಿನಲ್ಲಿ ಏನೋ ಇದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು, ಮೊದಲು ಒಂದಾಗು, ಆಮೇಲೆ ಬಂದು ಅರ್ಪಿಸು ಎಂದು ಯೇಸು ಹೇಳಿದ್ದಾನೆ. ಇದನ್ನು ಹಗುರ ಮಾಡಲು ನಾನು ಸಿದ್ಧನಿಲ್ಲ. ಕೃಪೆ ಎಂಬ ಹೆಸರಿನಲ್ಲಿ ಅಣ್ಣನನ್ನು ಮರೆತು ಮೇಜಿಗೆ ಬರುವುದು ಕೊರಿಂಥದವರ ದಾರಿ. ಆದರೆ ಯೇಸುವಿನ ಮಾತಿನಲ್ಲಿ ಇರುವುದು ಎರಡು ಕ್ರಿಯೆ, ಹೋಗು ಮತ್ತು ಬಾ. ನೀವು ಮೂರು ವರ್ಷಗಳಿಂದ ಅಣ್ಣನ ಬಳಿಗೂ ಹೋಗಿಲ್ಲ, ಮೇಜಿನ ಬಳಿಗೂ ಬಂದಿಲ್ಲ, ನಡುವೆ ನಿಂತುಬಿಟ್ಟಿದ್ದೀರಿ. ಕೃಪೆ ಪಡೆಯಲು ಅಣ್ಣನ ಜೊತೆ ರಾಜಿಯಾಗಬೇಕು ಎಂದು ನಾನು ಹೇಳುತ್ತಿಲ್ಲ. ನಿಲುವಂಗಿ ಹೊದ್ದವಳು ನೀವು, ಹೊದ್ದುಕೊಂಡೇ ಅವರ ಬಳಿಗೆ ಹೋಗಬಹುದು. ತನ್ನ ಮಾನವೆಲ್ಲ ತನ್ನ ಮಾತಿನಲ್ಲಿಯೇ ಇದೆ ಎಂದುಕೊಂಡವರಿಗೆ ‘ನನ್ನದು ತಪ್ಪು’ ಎನ್ನುವುದು ಕಷ್ಟ. ಮಾನವನ್ನು ಇನ್ನೊಬ್ಬರು ಉಳಿಸಿಕೊಟ್ಟಿದ್ದಾರೆ ಎಂದು ಗೊತ್ತಾದ ಮೇಲೆ ಅಷ್ಟು ಕಷ್ಟವಾಗುವುದಿಲ್ಲ.

ಒಂದು ಗೊಂದಲ ಬೇಡ. ಪಾಲು ಕೇಳಿದ್ದು ಪಾಪವಲ್ಲ. ಮರಣಶಾಸನ ಬರೆಯದೆ ತೀರಿಕೊಂಡ ಕ್ರೈಸ್ತ ತಂದೆಯ ಆಸ್ತಿಯಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲು ಎಂದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಹೇಳುತ್ತದೆ. ಅದನ್ನು ವಕೀಲರ ಬಳಿ ಕೂತು ಮಾತನಾಡಿ, ಕ್ರಮವಾಗಿ ಕೇಳಿ. ಕ್ಷಮೆ ಕೇಳುವುದೆಂದರೆ ಹಕ್ಕು ಬಿಟ್ಟುಕೊಡುವುದು ಎಂದು ನಿಮಗೆ ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ಹೆಣ್ಣುಮಕ್ಕಳ ಬಾಯಿ ಮುಚ್ಚಿಸಲು ಈ ಮಾತು ನಮ್ಮ ಸಭೆಗಳಲ್ಲಿ ಬಳಕೆಯಾಗಿರುವುದನ್ನು ನಾನು ಕಂಡಿದ್ದೇನೆ, ಅದರಿಂದ ನನಗೆ ನೋವಾಗಿದೆ. ನೀವು ಒಪ್ಪಿಕೊಳ್ಳಬೇಕಾದದ್ದು ಒಂದೇ ಮಾತನ್ನು, ಅವರ ಮಕ್ಕಳ ಮೇಲೆ ಆಡಿದ ಆ ಮಾತನ್ನು.

ಆದ್ದರಿಂದ ಅಣ್ಣನಿಗೆ ಪತ್ರ ಬರೆಯಿರಿ. ಫೋನಿನಲ್ಲಿ ಬೇಡ, ಅಲ್ಲಿ ಮಾತಿಗೆ ಮಾತು ಬೆಳೆಯುತ್ತದೆ. ನಾಲ್ಕೈದು ಸಾಲು ಸಾಕು. ಜಮೀನಿನ ವಿಷಯ ಆ ಪತ್ರದಲ್ಲಿ ಬರಬಾರದು, ‘ನೀನೂ ಹಾಗೆ ಅಂದಿದ್ದೆ’ ಎಂಬ ಮಾತೂ ಬರಬಾರದು. ‘ಮಕ್ಕಳ ಬಗ್ಗೆ ನಾನು ಆಡಿದ ಮಾತು ತಪ್ಪು. ಅವರಿಗಾಗಿ ಪ್ರಾರ್ಥಿಸುತ್ತಿದ್ದೇನೆ. ಕ್ಷಮಿಸು’ ಎಂದು ಬರೆಯಿರಿ, ಬರೆದ ಮೇಲೆ ನಿಜವಾಗಿಯೂ ಆ ಮಕ್ಕಳ ಹೆಸರು ಹಿಡಿದು ಪ್ರಾರ್ಥಿಸಿ. ಆ ಮಾತನ್ನು ನೀವು ಆಡಿದ್ದು ನೆಂಟರೆಲ್ಲರ ಎದುರು. ಸಮಯ ಬಂದಾಗ ಅವರಲ್ಲಿ ಒಬ್ಬಿಬ್ಬರ ಎದುರಾದರೂ ಅದನ್ನು ಹಿಂದಕ್ಕೆ ತೆಗೆದುಕೊಳ್ಳಿ. ಅಣ್ಣ ಉತ್ತರ ಬರೆಯದೇ ಇರಬಹುದು. ನಿಮ್ಮಿಂದಾಗುವಷ್ಟರ ಮಟ್ಟಿಗೆ ಸಮಾಧಾನದಿಂದಿರಿ ಎಂದು ಪೌಲನೇ ಅಳತೆ ಹಾಕಿಕೊಟ್ಟಿದ್ದಾನೆ. ಅವರ ಕ್ಷಮೆ ಬರುವವರೆಗೆ ದೇವರ ಕ್ಷಮೆಯನ್ನು ತಡೆದಿಡಲಾಗಿದೆ ಎಂದು ಎಣಿಸಬೇಡಿ.

ಮುಂದಿನ ತಿಂಗಳ ಮೊದಲ ಭಾನುವಾರ ಪ್ರಸಂಗ ಮುಗಿದಾಗ ಏಳಬೇಡಿ. ನೀವು ಎದ್ದು ಹೋಗುತ್ತಿರುವುದರಿಂದ ಮೂರು ವರ್ಷಗಳಿಂದ ನಿಮಗೆ ಕೇಳಿಸದೇ ಹೋದ ಒಂದು ಪ್ರಾರ್ಥನೆ ಇದೆ. ಇಂಗ್ಲೆಂಡಿನಲ್ಲಿ 1548ರಲ್ಲಿ ಮೊದಲು ಬಳಕೆಗೆ ಬಂದ ಆ ಪ್ರಾರ್ಥನೆ ಸಿ.ಎಸ್.ಐ. ಆರಾಧನಾ ಕ್ರಮಕ್ಕೂ ಬಂದಿದೆ, ರೊಟ್ಟಿ ಹಂಚುವ ಸ್ವಲ್ಪ ಮೊದಲು ಹೇಳುತ್ತಾರೆ. ಕರುಣೆಯುಳ್ಳ ಕರ್ತನೇ, ನಮ್ಮ ನೀತಿಯನ್ನು ನಂಬಿ ನಾವು ಈ ಮೇಜಿನ ಬಳಿಗೆ ಬರುವುದಿಲ್ಲ, ನಿನ್ನ ಅಪಾರ ಕರುಣೆಯನ್ನೇ ನಂಬಿ ಬರುತ್ತೇವೆ. ಈ ಮೇಜಿನ ಕೆಳಗಿನ ರೊಟ್ಟಿಯ ಚೂರುಗಳನ್ನು ಆರಿಸಿಕೊಳ್ಳಲೂ ನಾವು ಯೋಗ್ಯರಲ್ಲ ಎಂಬುದು ಅದರ ತಿರುಳು. ನೀವು ಒಬ್ಬರೇ ಹೊರಗೆ ಬೇವಿನ ಮರದ ಕೆಳಗೋ ಗೇಟಿನ ಹತ್ತಿರವೋ ನಿಂತು ಹೇಳಿಕೊಳ್ಳುತ್ತಿದ್ದ ಮಾತನ್ನು ಒಳಗೆ ಅಯ್ಯನವರೂ ಹಿರಿಯರೂ ನಿಮ್ಮ ಅತ್ತೆಯವರೂ ಎಲ್ಲರೂ ಒಟ್ಟಿಗೆ ಹೇಳುತ್ತಿದ್ದರು, ಹೇಳಿ ಮುಂದೆ ಹೋಗುತ್ತಿದ್ದರು.

ಈ ಸಲ ಅವರ ಜೊತೆ ಹೇಳಿ. ಆಮೇಲೆ ಎದ್ದು ಸಾಲಿನಲ್ಲಿ ಹೋಗಿ, ಎಡಗೈಯ ಮೇಲೆ ಬಲಗೈ ಇಟ್ಟು ಅಂಗೈ ಚಾಚಿ. ಕೈ ನಡುಗಿದರೆ ನಡುಗಲಿ. ರೊಟ್ಟಿ ಕೊಡುವವರು ಅಂಥ ಕೈಗಳನ್ನು ಬಹಳ ನೋಡಿರುತ್ತಾರೆ. ಚೂರು ಕೆಳಗೆ ಬೀಳದಂತೆ ಅಂಗೈಗೆ ಒತ್ತಿ ಇಡುತ್ತಾರೆ.